ರಿಗ್ಗರ್ ಎನ್ನಲು ಸಂಕೋಚವೇಕೆ?

ಇತ್ತೀಚೆಗೆ ಒಂದು ವಿವಾಹದ ಮಾತುಕತೆಯಲ್ಲಿ ಕುಳಿತುಕೊಳ್ಳುವ ಸಂದರ್ಭ ಒದಗಿತು. ಹುಡುಗನ ಉದ್ಯೋಗದ ಪ್ರಶ್ನೆ ಬಂದಾಗ ತಂದೆಯವರು, “ಗಲ್ಫಿನಲ್ಲಿ ದೊಡ್ಡ ಕಂಪೆನಿಯಲ್ಲಿದ್ದಾನೆ” ಎಂದಷ್ಟೇ ಹೇಳಿ ಚಹಾದ ಲೋಟವನ್ನು ಕೈಗೆತ್ತಿಕೊಂಡರು. ಹುಡುಗ ಶಿಪ್‌ಯಾರ್ಡ್ ಒಂದರಲ್ಲಿ ರಿಗ್ಗರ್. ಆ ಪದವನ್ನು ಉಚ್ಚರಿಸಲು ತಂದೆಗೆ ಸಂಕೋಚ. ಆದರೆ ಮಗ ಕಳುಹಿಸಿದ ಹಣದಿಂದ ಮನೆ ಕಟ್ಟಿಸಲು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿಸಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ರಿಗ್ಗರ್ ಎಂದರೆ ಹಗ್ಗ ಕಟ್ಟುವವನು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಹಡಗಿನ ಎಂಜಿನ್, ಉಕ್ಕಿನ ದೊಡ್ಡ ಖಂಡಗಳು, ಕೊಳವೆಗಳು, ಇವನ್ನೆಲ್ಲ ಎಲ್ಲಿ ಕಟ್ಟಿದರೆ ಭಾರ ಸಮತೋಲದಲ್ಲಿ ಮೇಲೇಳುತ್ತದೆ ಎಂಬುದನ್ನು ನಿರ್ಧರಿಸುವವನು ಅವನು. ಕ್ರೇನ್ ನಡೆಸುವವನಿಗೆ ಅನೇಕ ಬಾರಿ ಹೊರೆ ಕಾಣುವುದೇ ಇಲ್ಲ. ಕೆಳಗಿನ ಕೈಸನ್ನೆಯೇ ಅವನಿಗೆ ಕಣ್ಣು. ಒಂದು ಉದಾಹರಣೆ ಹೇಳುತ್ತೇನೆ. 10 ಟನ್ ಭಾರವನ್ನು ಎರಡು ಎಳೆಗಳ ಸ್ಲಿಂಗ್‌ನಿಂದ ನೇರವಾಗಿ ಎತ್ತಿದರೆ ಒಂದೊಂದು ಎಳೆಯ ಮೇಲೆ 5 ಟನ್ ಬೀಳುತ್ತದೆ. ಎಳೆಗಳು ಓರೆಯಾಗಿ ಹರಡಿ ಸಮತಲದಿಂದ 30 ಡಿಗ್ರಿ ಕೋನಕ್ಕೆ ಇಳಿದರೆ, ಅದೇ ಭಾರಕ್ಕೆ ಒಂದೊಂದು ಎಳೆಯೂ 10 ಟನ್ ಎಳೆತವನ್ನು ತಾಳಬೇಕಾಗುತ್ತದೆ. ಭಾರ ಹೆಚ್ಚಲಿಲ್ಲ, ಹಗ್ಗ ಬದಲಾಗಲಿಲ್ಲ, ಕೋನ ಮಾತ್ರ ಬದಲಾಯಿತು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟ ನಮ್ಮ ಹುಡುಗರು ಈ ಲೆಕ್ಕವನ್ನು ಕಣ್ಣಳತೆಯಲ್ಲೇ ಹೇಳುತ್ತಾರೆ. ಇದನ್ನು ವಿದ್ಯೆ ಎನ್ನದೆ ಮತ್ತೇನೆನ್ನಬೇಕು?

ನೆರೆಯ ಕೇರಳದ ಬೇಪೂರಿನಲ್ಲಿ ಈ ವಿದ್ಯೆ ಒಂದು ಪರಂಪರೆಯೇ ಆಗಿದೆ. ಅಲ್ಲಿನ ಮಾಪಿಳ್ಳ ಖಲಾಸಿಗಳು ಮರದ ಉರು ಹಡಗುಗಳನ್ನು ಹಗ್ಗ, ರಾಟೆ, ಮರದ ದಿಮ್ಮಿಗಳ ನೆರವಿನಿಂದ, ಒಕ್ಕೊರಲಿನ ಹಾಡಿನ ಲಯಕ್ಕೆ ಹೆಜ್ಜೆಯಿಡುತ್ತಾ ನೀರಿಗಿಳಿಸುತ್ತಾರೆ. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಉರುಳಿ ನೂರಕ್ಕೂ ಹೆಚ್ಚು ಪ್ರಯಾಣಿಕರು ಮೃತಪಟ್ಟರು. ನೀರಿನಲ್ಲಿ ಮುಳುಗಿದ ಬೋಗಿಗಳನ್ನು ಎಳೆದು ತೆಗೆಯಲು ಕರೆಸಿದ್ದು ಈ ಖಲಾಸಿಗಳನ್ನೇ. ಆ ರೈಲಿನಲ್ಲಿ ನಮ್ಮ ನಾಡಿನಿಂದ ಹೊರಟವರೂ ಇದ್ದರು ಎಂಬುದನ್ನು ನಾವು ಮರೆತಿದ್ದೇವೆ, ಖಲಾಸಿಗಳನ್ನಂತೂ ನೆನೆದವರೇ ಇಲ್ಲ.

ನೂಹ್(ಅ)ರವರು ಹಡಗನ್ನು ಕಟ್ಟುತ್ತಿದ್ದಾಗ ಹಾದುಹೋಗುತ್ತಿದ್ದ ಊರ ಮುಖಂಡರು ಅವರನ್ನು ಗೇಲಿ ಮಾಡಿದ ವೃತ್ತಾಂತವನ್ನು ಕುರ್‌ಆನ್ ನಮಗೆ ತಿಳಿಸುತ್ತದೆ. ಆ ಮುಖಂಡರ ಸಾಲಿನಲ್ಲಿ ಇಂದು ನಿಂತಿರುವವರು ಯಾರು ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಆದರೆ ನನ್ನ ಆಕ್ಷೇಪ ಇರುವುದು ಗೌರವದ ವಿಷಯದಲ್ಲಿ ಮಾತ್ರವಲ್ಲ. ಉದ್ಯೋಗದ ಹೆಸರನ್ನೇ ಮರೆಮಾಚುವ ಮನೆಯಲ್ಲಿ ಅದರ ಅಪಾಯದ ಕುರಿತು ಮಾತು ಹುಟ್ಟುವುದಿಲ್ಲ. ಸಂಬಳವೆಷ್ಟು, ರಜೆ ಯಾವಾಗ ಎಂದು ಕೇಳುತ್ತೇವೆ. ತರಬೇತಿ ಕೊಟ್ಟಿದ್ದಾರೆಯೇ, ಸ್ಲಿಂಗ್‌ಗಳನ್ನು ಪರೀಕ್ಷಿಸುತ್ತಾರೆಯೇ, ಬೇಸಿಗೆಯ ನಡುಹಗಲಿನ ವಿರಾಮ ನಿಜವಾಗಿಯೂ ಸಿಗುತ್ತದೆಯೇ ಎಂದು ಕೇಳುವ ತಂದೆಯರು ಎಷ್ಟು ಮಂದಿ? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಮಗನಿಗಿರುವ ಆ ಹಕ್ಕು ಮನೆಯವರಿಗೆ ಗೊತ್ತಿರುವುದಿಲ್ಲ. ಅಪಾಯ ಗಲ್ಫಿನಲ್ಲಿ ಮಾತ್ರ ಎಂದೂ ಭಾವಿಸಬೇಕಾಗಿಲ್ಲ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಶಿಪ್‌ಯಾರ್ಡ್‌ನಲ್ಲಿ ಪರೀಕ್ಷೆಯ ವೇಳೆ ಕ್ರೇನ್ ಕುಸಿದು 11 ಮಂದಿ ಪ್ರಾಣ ಕಳೆದುಕೊಂಡರು.

ರಿಗ್ಗರನ ಕೈಯಲ್ಲಿರುವ ಅತಿದೊಡ್ಡ ಸಾಧನವೆಂದರೆ “ಈ ಹಗ್ಗದಿಂದ ಎತ್ತಲಾಗದು” ಎಂಬ ಮಾತು. ವೀಸಾಕ್ಕಾಗಿ ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು ಹೋದವನಿಗೆ ಆ ಮಾತನ್ನಾಡುವ ಧೈರ್ಯ ಎಲ್ಲಿಂದ ಬರಬೇಕು? ಕೆಲಸ ಹೋದರೆ ಊರಿನಲ್ಲಿ ಒತ್ತೆಯಿಟ್ಟ ಚಿನ್ನ ನೆನಪಾಗುತ್ತದೆ. ಹಾಗಾಗಿ ಬಾಯಿ ಮುಚ್ಚಿ ಎತ್ತುತ್ತಾನೆ. ಮಸೀದಿಯ ಗೋಪುರಕ್ಕೆ, ವಾರ್ಷಿಕ ಸಮಾರಂಭಕ್ಕೆ ಹಣ ಸಂಗ್ರಹಿಸುವ ನಮ್ಮ ಜಮಾಅತ್‌ಗಳು ಹೊರಡುವ ಹುಡುಗರಿಗೆ ಬಡ್ಡಿರಹಿತ ಸಾಲ ಕೊಟ್ಟು, ಊರಲ್ಲೇ ರಿಗ್ಗಿಂಗ್ ತರಬೇತಿಯ ಶುಲ್ಕವನ್ನೂ ಭರಿಸಿದರೆ ಆ ಒಂದು ಮಾತನ್ನಾಡಲು ಅವರಿಗೆ ಬಲ ಬರುತ್ತದೆ. ದಾವೂದ್(ಅ)ರವರು ಸ್ವಂತ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂದು ವೇದಿಕೆಯಲ್ಲಿ ವಿವರಿಸುವ ನಮಗೆ ಇದು ಕಷ್ಟದ ಕೆಲಸವಾಗಬಾರದು.

ಮತ್ತೆ ಆ ಮಾತುಕತೆಗೆ ಬರುತ್ತೇನೆ. ರಜೆಯಲ್ಲಿ ಬಂದಿದ್ದ ಹುಡುಗ ತಂದೆಯ ಪಕ್ಕದಲ್ಲೇ ಇದ್ದ. “ರಿಗ್ಗರ್ ಆಗಿದ್ದೇನೆ” ಎಂದು ಅವನೇ ಹೇಳಿದ. ಒಳಕೋಣೆಯಿಂದ ಹುಡುಗಿಯ ಅಜ್ಜಿ, “ಹಗ್ಗ ಹರಿಯುವುದು ನಿನಗೆ ಮೊದಲೇ ಗೊತ್ತಾಗುತ್ತದೆಯೇ ಮಗಾ?” ಎಂದು ಕೇಳಿದರು. ತಂತಿಯ ಎಳೆ ಮುರಿದಿದೆಯೇ, ತುಕ್ಕು ಹಿಡಿದಿದೆಯೇ, ತಿರುಚಿದೆಯೇ ಎಂದು ಪ್ರತಿದಿನ ಎತ್ತುವ ಮೊದಲು ಹೇಗೆ ನೋಡುತ್ತೇವೆಂದು ಅವನು ಸಾವಕಾಶವಾಗಿ ವಿವರಿಸತೊಡಗಿದ. ತಂದೆಯವರು ಲೋಟವನ್ನು ಕೆಳಗಿಟ್ಟು ಕೇಳುತ್ತಿದ್ದರು. ಮಗನ ಕೆಲಸದ ಬಗ್ಗೆ ಅವರು ಕೇಳಿದ್ದೂ ಅದೇ ಮೊದಲು.