ತತ್ತಿ ನಿಲ್ಲಿಸಿದ ಪಾರಿವಾಳ: ಔಷಧಕ್ಕಿಂತ ಮೊದಲು ಕಾಳಿನ ಚೀಲ ನೋಡಿ



"ಅಣ್ಣಾರ, ನಮ್ಮ ಬಿಳಿ ಪಾರಿವಾಳ ತತ್ತಿ ಇಡೂದು ಬಿಟ್ಟೈತ್ರಿ. ಸಂತಿಗೆ ಕೊಟ್ಟಬಿಡ್ಲೇನ್ರಿ?"

ಕಳೆದ ವರ್ಷ ಗಣೇಶ ಚೌತಿಯ ಹೊತ್ತಿಗೆ ಜತ್ತ ತಾಲೂಕಿನ ತಿಕೋಂಡಿಯ ಸಹೋದರಿಯೊಬ್ಬರು ನಮ್ಮನ್ನು ಹೀಗೆ ಕೇಳಿದರು. ಮಳೆಯನ್ನೇ ನಂಬಿದ ಹೊಲ, ಎರಡು ಎಮ್ಮೆ, ಮಾಳಿಗೆಯ ಮೇಲೆ ನಾಲ್ಕು ಜೋಡಿ ಪಾರಿವಾಳ ಇರುವ ಮನೆ ಅವರದು. ಮರಿ ಮಾರಿದ ಹಣ ಮಕ್ಕಳ ನೋಟುಬುಕ್ಕಿಗೆ, ಬಸ್ಸಿನ ಚಾರ್ಜಿಗೆ ಆಗುತ್ತದೆ. ಸಂತೆಗೆ ಹೋದ ಪಾರಿವಾಳ ಯಾರದಾದರೂ ಸಾರಿಗೇ ಹೋಗುತ್ತದೆಂಬುದು ಅವರಿಗೂ ಗೊತ್ತು. "ಕೊಡಬೇಡಿರಿ, ಸ್ವಲ್ಪ ತಾಳಿರಿ" ಎಂದೆವು. ಆ ಮಾತು ಸರಿಯಾಗಿಯೇ ಇತ್ತು. ಅದರ ಮುಂದೆ ನಾವು ಕೊಟ್ಟ ಸಲಹೆ ಮಾತ್ರ ತಪ್ಪಿತು. ಓದುಗರೂ ನಮ್ಮಂತೆ ತಪ್ಪಬಾರದೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪಾರಿವಾಳ ಕೋಳಿಯಂತೆ ದಿನಾ ತತ್ತಿ ಇಡುವ ಹಕ್ಕಿಯಲ್ಲ. ಒಂದು ಸಲಕ್ಕೆ ಎರಡೇ ತತ್ತಿ. ಮೊದಲನೆಯದು ಬಿದ್ದ ಸುಮಾರು 44 ತಾಸಿಗೆ ಎರಡನೆಯದು. ಗಂಡು ಹೆಣ್ಣು ಎರಡೂ ಸರದಿಯಂತೆ 17-18 ದಿನ ಕಾವಿಗೆ ಕೂಡುತ್ತವೆ. ಮರಿ ಹೊರಗೆ ಬಂದ ಮೇಲೆ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಆಹಾರವನ್ನು ಎರಡೂ ಉಣಿಸುತ್ತವೆ. ಆ ಹಾಲು ಬರಿಸುವ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರು. 1933ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಅವರ ಸಂಗಡಿಗರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿಯೇ ಅದಕ್ಕೆ ಆ ಹೆಸರಿಟ್ಟರು. ನಮ್ಮ ತಾಯಂದಿರ ಎದೆಹಾಲಿಗೂ ಅದೇ ಹಾರ್ಮೋನು ಬೇಕು! ಅದು ಏರಿರುವಾಗ ತತ್ತಿಯ ಕೆಲಸ ತಾನಾಗಿ ನಿಲ್ಲುತ್ತದೆ. ಕಾವಿನಲ್ಲಿರುವ, ಎಳೆ ಮರಿಗೆ ಉಣಿಸುತ್ತಿರುವ ಹಕ್ಕಿ ತತ್ತಿ ಇಡಲಿಲ್ಲವೆಂದು ಚಿಂತಿಸುವುದು ಬೇಡ. ಮಳೆಗಾಲದ ಕೊನೆಗೆ ಹಳೆಯ ಗರಿ ಉದುರಿಸಿ ಹೊಸದು ಹಾಕುವಾಗಲೂ ಹಾಗೆಯೇ, ತಿಂದದ್ದೆಲ್ಲ ಗರಿಗೆ ಹೋಗುತ್ತದೆ.

ಜೋಡಿಯ ವಿಚಾರವನ್ನೂ ನಮ್ಮಲ್ಲಿ ಅನೇಕರು ಮರೆಯುತ್ತಾರೆ. 1939ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹ್ಯಾರಿಸನ್ ಮ್ಯಾಥ್ಯೂಸ್ ಒಂಟಿ ಹೆಣ್ಣು ಪಾರಿವಾಳದ ಮುಂದೆ ಕನ್ನಡಿ ಇಟ್ಟು ನೋಡಿದರು. ತನ್ನ ಬಿಂಬವನ್ನೇ ಸಂಗಾತಿ ಎಂದು ತಿಳಿದು ಅದು ತತ್ತಿ ಇಟ್ಟಿತು. ಪಾರಿವಾಳದ ತತ್ತಿಗೂ ಕಣ್ಣೆದುರಿನ ಸಂಗಾತಿಗೂ ಅಷ್ಟು ನಂಟು. ಒಳ್ಳೆಯ ರೇಟು ಬಂತೆಂದು ಗಂಡನ್ನು ಮಾರಿ, ಹೆಣ್ಣು ಯಾಕೆ ಸುಮ್ಮನೆ ಕೂತಿದೆ ಎಂದು ಕೇಳುವವರಿಗೆ ನಾವೇನು ಹೇಳೋಣ?

ಇನ್ನು ನಮ್ಮ ತಪ್ಪಿನ ಮಾತು. ನಿಲ್ಲಿಸುವ ಮುಂಚೆ ಆ ಬಿಳಿ ಹೆಣ್ಣು ಸಿಪ್ಪೆ ಗಟ್ಟಿಯಿಲ್ಲದ, ತೊಗಲಿನಂಥ ತತ್ತಿ ಇಟ್ಟಿತ್ತೆಂದು ಸಹೋದರಿ ಹೇಳಿದ್ದರು. ಅಷ್ಟು ಕೇಳಿದ್ದೇ ತಡ, ಸುಣ್ಣದ ಅಂಶ ಕಡಿಮೆಯಾಗಿದೆ, ಜೊತೆಗೆ ಗರಿ ಉದುರುವ ಕಾಲ ಎಂದು ತೀರ್ಮಾನಿಸಿ ಕ್ಯಾಲ್ಸಿಯಂ ಬಾಟಲಿ ತರಲು ಹೇಳಿದೆವು. ಅವರು ತಂದರು, ನೀರಿಗೆ ಹಾಕಿದರು. ದೀಪಾವಳಿ ಬಂತು. ಗರಿಯೆಲ್ಲ ಹೊಸದಾಯಿತು. ಗಂಡು ಗುಟುರು ಹಾಕುತ್ತಾ ಸುತ್ತ ತಿರುಗುತ್ತಿತ್ತು. ತತ್ತಿ ಮಾತ್ರ ಇಲ್ಲ.

ಆಮೇಲೆ ನಾವೇ ಅವರ ಮನೆಗೆ ಹೋದೆವು. ಅಲ್ಲಿ ತಿಳಿದ ಮೊದಲ ಸಂಗತಿ, ನಿಂತಿದ್ದು ಒಂದೇ ಹಕ್ಕಿಯಲ್ಲ. ನಾಲ್ಕರಲ್ಲಿ ಮೂರು ಹೆಣ್ಣು ನಿಂತಿದ್ದವು. ಬಿಳಿಯದು ಮಕ್ಕಳ ಪ್ರೀತಿಯದಾದ್ದರಿಂದ ಅದರ ಮಾತಷ್ಟೇ ನಮ್ಮ ತನಕ ಬಂದಿತ್ತು, ನಾವೂ ಕೇಳಿರಲಿಲ್ಲ. ಒಂದೇ ಹಕ್ಕಿ ನಿಂತರೆ ದೋಷವನ್ನು ಹಕ್ಕಿಯಲ್ಲಿ ಹುಡುಕಬೇಕು. ಹಲವು ಒಟ್ಟಿಗೆ ನಿಂತರೆ ಕಾಳು, ನೀರು, ಗೂಡು ನೋಡಬೇಕು. ಇಷ್ಟು ಸಣ್ಣ ಪ್ರಶ್ನೆ ಕೇಳದೆ ಆ ಮನೆಯವರಿಗೆ ಎರಡು ತಿಂಗಳು ಕಳೆಯುವಂತೆ ಮಾಡಿದೆವು.

ಕಾಳಿನ ಡಬ್ಬಿ ತೆಗೆಸಿದೆವು. ಜೋಳದ ನಡುವೆ ಗುಲಾಬಿ ಬಣ್ಣದ ಸಜ್ಜೆ! ಬಿತ್ತಿ ಉಳಿದ ಎರಡು ಪ್ಯಾಕೆಟ್ ಬೀಜ ಕೆಡುವುದೇಕೆಂದು ಅಜ್ಜ ದಿನಕ್ಕೊಂದು ಹಿಡಿ ಬೆರೆಸುತ್ತಿದ್ದರು. ಕಾಳನ್ನು ಚೆಲ್ಲಲು ಮನಸ್ಸು ಬಾರದ ನಾಡು ನಮ್ಮದು, ಅಜ್ಜನನ್ನು ದೂರಲಾರೆವು. ಪ್ಯಾಕೆಟ್ಟಿನ ಹಿಂದೆ ಥೈರಮ್ ಎಂದು ಸಣ್ಣ ಅಕ್ಷರದಲ್ಲಿ ಇತ್ತು.

ಥೈರಮ್ ಬೂಷ್ಟು ತಡೆಯುವ ಪುಡಿ. ಎಷ್ಟೋ ರೈತರು ಮನೆಯಲ್ಲೇ ಕಿಲೋ ಬೀಜಕ್ಕೆ 3 ಗ್ರಾಂನಂತೆ ಬೆರೆಸಿ ಬಿತ್ತುತ್ತಾರೆ. ಮಣ್ಣಿಗೆ ಹೋಗುವ ಬೀಜಕ್ಕೆ ಅದು ಒಳ್ಳೆಯದೇ. ಹಕ್ಕಿಯ ಹೊಟ್ಟೆಗೆ ಹೋದರೆ ಬೇರೆ ಕಥೆ. ಅದನ್ನು ತಿಂದ ಕೋಳಿಗಳು ಸಿಪ್ಪೆಯಿಲ್ಲದ ತತ್ತಿ ಇಡುತ್ತವೆ, ಬಳಿಕ ತತ್ತಿಯೇ ಕಡಿಮೆಯಾಗುತ್ತದೆ, ಮರಿಗಳ ಕಾಲು ಸೊಟ್ಟಗಾಗುತ್ತದೆ. 1950ರ ದಶಕದಿಂದಲೇ ಇದು ತಿಳಿದ ಮಾತು. ತೊಗಲು ತತ್ತಿಯನ್ನು ಕಂಡು ಸುಣ್ಣವೆಂದು ನಾವು ಮೋಸಹೋದದ್ದು ಇಲ್ಲಿಯೇ. ತೊಳೆದರೆ ವಿಷ ಹೋಗುತ್ತದೆ ಎಂದು ಯಾರೂ ಭಾವಿಸಬಾರದು. ಬಣ್ಣ ಹೋಗಬಹುದು, ವಿಷ ಪೂರ್ತಿ ಹೋಗದು. ಈ ಪುಡಿಯನ್ನು ಬರಿಗೈಯಿಂದ ಬೆರೆಸಿ ಸಂಜೆ ಸಾರಾಯಿ ಕುಡಿದವರಿಗೆ ಮುಖ ಕೆಂಪೇರಿ, ಎದೆ ಬಡಿದುಕೊಂಡು ವಾಂತಿಯಾಗುವುದುಂಟು. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಗುಳಿಗೆಗೂ ಥೈರಮ್ಮಿಗೂ ಹತ್ತಿರದ ಸಂಬಂಧ.

ಬೀಜದ ಕಂಪನಿಯವರು ಬಣ್ಣ ಹಾಕುವುದು ಎಚ್ಚರಿಕೆಗೆಂದೇ ನಿಜ. ಆದರೆ ನಮ್ಮ ಗಡಿ ಹಳ್ಳಿಯ ಅಜ್ಜನಿಗೆ ಗುಲಾಬಿ ಬಣ್ಣದ ಅರ್ಥವನ್ನು ಯಾರು ಹೇಳಿದ್ದಾರೆ? ಎಚ್ಚರಿಕೆ ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಕನ್ನಡ ಮರಾಠಿ ಎರಡರಲ್ಲೂ ದೊಡ್ಡದಾಗಿ ಬರೆಯಬೇಕು, ಬೀಜ ಮಾರುವವರು ಬಾಯಿಬಿಟ್ಟು ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಅಂದೇ ಡಬ್ಬಿಯನ್ನು ಖಾಲಿ ಮಾಡಿಸಿದೆವು. ಹೊಸ ಕಾಳು: ಅರ್ಧದಷ್ಟು ಜೋಳ, ಉಳಿದದ್ದು ಗೋವಿನಜೋಳ, ಮಡಿಕೆ, ಕಡಲೆ, ಮೇಲೆ ನಾಲ್ಕು ಕಾಳು ಕುಸುಬಿ. ಬರೀ ಜೋಳದಲ್ಲಿ ತತ್ತಿಗೆ ಬೇಕಾದ ಸತ್ವ ಸಾಲದು. ಸುಣ್ಣವೂ ಬೇಕು, ಆದರೆ ಬಾಟಲಿ ಬೇಕಿಲ್ಲ. ತತ್ತಿ ಸಿಪ್ಪೆಯನ್ನು ಹೆಂಚಿನ ಮೇಲೆ ಹುರಿದು ಪುಡಿಮಾಡಿ, ಸಣ್ಣ ಹರಳು ಬೆರೆಸಿ ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟನ್ನು ಅವೇ ತಿನ್ನುತ್ತವೆ. ಆ ಸುಣ್ಣ ಮೈಗೆ ಹತ್ತಲು ಬಿಸಿಲು ಬೀಳಬೇಕು. ಕತ್ತಲೆ ಗೂಡನ್ನು ಪೂರ್ವಕ್ಕೆ ತಿರುಗಿಸಿದೆವು.

ಹೆಣ್ಣು ಗರಿ ಉಬ್ಬಿಸಿ, ಬಾಲ ಅದುರಿಸುತ್ತಾ ಮೂಲೆಯಲ್ಲಿ ಮುಕ್ಕರಿಯುತ್ತಿದ್ದರೆ ಅದು ಬೇರೆ, ತತ್ತಿ ಒಳಗೆ ಸಿಕ್ಕಿರುತ್ತದೆ. ಬೆಚ್ಚಗಿಟ್ಟು ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಒತ್ತಿ ತೆಗೆಯಲು ಹೋಗಬೇಡಿರಿ, ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಬಾಯೊಳಗೆ ಹಳದಿ ಗಡ್ಡೆ, ಹಸಿರು ಭೇದಿ, ಒಣಗಿದ ಎದೆ ಕಂಡರೂ ಆಸ್ಪತ್ರೆಯೇ ದಾರಿ. ಯಾರೋ ಹೇಳಿದರೆಂದು ತತ್ತಿ ಬರಿಸುವ ಸೂಜಿ ಚುಚ್ಚಿಸುವುದನ್ನು ನಾವು ಒಪ್ಪುವುದಿಲ್ಲ. ಗೂಡು ಬಳಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿರಿ, ಹಿಕ್ಕೆಗೆ ಮೊದಲು ನೀರು ಚಿಮುಕಿಸಿರಿ. ಆ ಧೂಳು ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿಯಾಗಬಹುದು. ಮಕ್ಕಳಿಂದ ಈ ಕೆಲಸ ಮಾಡಿಸಬೇಡಿರಿ.

ಜನವರಿಯ ಕೊನೆಗೆ ಬಿಳಿ ಪಾರಿವಾಳ ಎರಡು ಗಟ್ಟಿ ತತ್ತಿ ಇಟ್ಟಿತು. ಅದರ ಹಿಂದೆ ಇನ್ನೊಂದು ಹೆಣ್ಣೂ ಇಟ್ಟಿತು. ಮೂರನೆಯದು ಈವರೆಗೆ ಇಟ್ಟಿಲ್ಲ. ಅದಕ್ಕೆ ಎಂಟು ವರ್ಷವಾಗಿದೆಯಂತೆ, ಇಡಲಿಕ್ಕಿಲ್ಲ. ಬೇರೆ ಜೋಡಿಯ ತತ್ತಿ ಇಟ್ಟರೆ ಕಾವಿಗೆ ಕೂಡುತ್ತದೆಂದು ಸಹೋದರಿ ಅದನ್ನೂ ಇಟ್ಟುಕೊಂಡಿದ್ದಾರೆ. ಉಳಿದ ಗುಲಾಬಿ ಸಜ್ಜೆಯನ್ನು ಅಜ್ಜ ಚೀಲದಲ್ಲಿ ಕಟ್ಟಿ, ಮುಂದಿನ ಬಿತ್ತಿಗೆಂದು ಮಕ್ಕಳ ಕೈಗೆಟುಕದ ತೊಲೆಗೆ ತೂಗುಹಾಕಿದ್ದಾರೆ.