ಮೊದಲು ಕೋಣೆ ಅಳೆಯೋಣ, ಆಮೇಲೆ ಪ್ರೊಜೆಕ್ಟರ್ ತರೋಣ

ನಮ್ಮ ಕಾಲೇಜಿಗೆ ಹೊಸ ಪ್ರೊಜೆಕ್ಟರ್ ಬರಲಿದೆ ಎಂಬ ಸುದ್ದಿ ಕೇಳಿ ಎಲ್ಲರಂತೆ ನನಗೂ ಸಂತೋಷವಾಯಿತು. ಆದರೆ ಎಂಥದ್ದು ಬರಬೇಕು ಎಂಬುದರ ಬಗ್ಗೆ ನನ್ನದೊಂದು ಮಾತಿದೆ.

ಕಳೆದ ತಿಂಗಳು ಜೀವಶಾಸ್ತ್ರದ ತರಗತಿಯಲ್ಲಿ ಹೃದಯದ ಚಿತ್ರ ತೋರಿಸಲಾಯಿತು. ಹಳೆಯ ಪ್ರೊಜೆಕ್ಟರ್ ಬೆಂಚುಗಳ ನಡುವೆ ಇತ್ತು. ಎಡ ಹೃತ್ಕುಕ್ಷಿಯನ್ನು ತೋರಿಸಲು ಸರ್ ಗೋಡೆಯ ಹತ್ತಿರ ಹೋದರೆ ಅವರ ನೆರಳೇ ಅದನ್ನು ಮುಚ್ಚಿತು. ತಿರುಗಿ ನಿಂತರೆ ಬೆಳಕು ಕಣ್ಣಿಗೆ ಹೊಡೆಯಿತು. ಗಂಟೆ ಬಾರಿಸಿತು, ಕವಾಟ ಎಲ್ಲಿದೆ ಎಂಬುದು ಹಿಂದಿನ ಬೆಂಚಿನ ನಮಗೆ ತಿಳಿಯಲೇ ಇಲ್ಲ.

ಇದು ಸರ್ ತಪ್ಪಲ್ಲ. ಆ ಯಂತ್ರ ಈ ಕೋಣೆಗೆ ಹೊಂದುವುದಿಲ್ಲ, ಅಷ್ಟೇ. ಲೆನ್ಸಿನಿಂದ ಗೋಡೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಥ್ರೋ ರೇಷಿಯೋ ಎನ್ನುತ್ತಾರೆ. ಸಾಮಾನ್ಯ ಪ್ರೊಜೆಕ್ಟರಿಗೆ ಅದು 1.5ರ ಆಸುಪಾಸು. 6 ಅಡಿ ಅಗಲದ ಚಿತ್ರಕ್ಕೆ 9 ಅಡಿ ದೂರ ಬೇಕು. ನಮ್ಮ ಕೋಣೆಯ ಉದ್ದವೇ 16 ಅಡಿ. 0.5 ಇರುವ ಶಾರ್ಟ್ ಥ್ರೋ ಆದರೆ 3 ಅಡಿ ಸಾಕು. ಗೋಡೆಯ ಹತ್ತಿರ, ಮೇಲೆ ತೂಗುಹಾಕಿದರೆ ನೆರಳು ಬಹಳಷ್ಟು ತಪ್ಪುತ್ತದೆ, ಫ್ಯಾನಿನ ರೆಕ್ಕೆಯೂ ಅಡ್ಡ ಬರುವುದಿಲ್ಲ.

ಇನ್ನೂ ಹತ್ತಿರದ ಅಲ್ಟ್ರಾ ಶಾರ್ಟ್ ಥ್ರೋ ಇದೆಯಲ್ಲ ಎಂದು ಗೆಳತಿ ಕೇಳಿದಳು. ಅದರ ಬೆಳಕು ಗೋಡೆಯನ್ನು ಸವರಿದಂತೆ ಬೀಳುವುದರಿಂದ ಸಣ್ಣ ಉಬ್ಬುತಗ್ಗೂ ಎದ್ದು ಕಾಣುತ್ತದೆ. ನಮ್ಮ ಗೋಡೆಗಳ ಗಿಲಾವು ಎಲ್ಲರಿಗೂ ಗೊತ್ತು!

ಬೆಳಕಿನ ಮಾತು. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ಕೂಡಲು ಕಲಬುರಗಿ ಜಿಲ್ಲೆಯವರಿಗೆ ಆಗದು. ದೊಡ್ಡ ಚಿತ್ರದ ಆಸೆ ಬಿಡೋಣ. 8 ಅಡಿ ಅಗಲದ ಬದಲು 6 ಅಡಿ ಮಾಡಿದರೆ ಅದೇ ಬೆಳಕು ಸುಮಾರು ಅರ್ಧದಷ್ಟು ಜಾಗದಲ್ಲಿ ಬೀಳುತ್ತದೆ, ಚಿತ್ರ ಅಷ್ಟೇ ಪ್ರಖರವಾಗುತ್ತದೆ.

ಲೇಸರ್ ಯಂತ್ರ ಸುಮಾರು 20,000 ತಾಸು ಬಾಳುತ್ತದೆಂದು ತಯಾರಕರು ಹೇಳುತ್ತಾರೆ. ನಾವು ದಿನಕ್ಕೆ 2 ತಾಸಿನಂತೆ ವರ್ಷಕ್ಕೆ 200 ದಿನ ಬಳಸಿದರೆ 400 ತಾಸು. 4,000 ತಾಸಿನ ಸಾದಾ ದೀಪವೇ ಲೆಕ್ಕದಲ್ಲಿ 10 ವರ್ಷ ಬಂತು. ಬಾಳಿಕೆಯ ಆಸೆಗೆ ಮಾತ್ರ ಹೆಚ್ಚು ದುಡ್ಡು ಕೊಡುವುದು ಬೇಡ. ಉಳಿದ ಹಣದಲ್ಲಿ ಒಂದು ಯುಪಿಎಸ್ ಬರಲಿ. ಕರೆಂಟು ಥಟ್ಟನೆ ಹೋದಾಗ ಬಿಸಿ ದೀಪ ಕೆಡದಂತೆ ಕಾಯುತ್ತದೆ. ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ನಾವೇ ಸ್ವಚ್ಛ ಮಾಡುತ್ತೇವೆ.

ಭೀಮಾ ದಂಡೆಯ ಸೊನ್ನದಲ್ಲಿ ನನ್ನ ಅಬ್ಬಾ ಗೌಂಡಿ ಕೆಲಸ ಮಾಡುತ್ತಾರೆ. ‘ಮೊದಲ ಅಳತಿ, ಆಮ್ಯಾಲ ಇಟ್ಟಂಗಿ’ ಎನ್ನುವುದು ಅವರ ಮಾತು. ಪ್ರಾಚಾರ್ಯರಲ್ಲಿ ನನ್ನ ವಿನಂತಿ ಇಷ್ಟೇ: ಕೊಳ್ಳುವ ಮೊದಲು ಅಂಗಡಿಯವರು ಯಂತ್ರವನ್ನು ನಮ್ಮ ಕೋಣೆಗೇ ತಂದು, ಬೆಳಿಗ್ಗೆ 11ಕ್ಕೆ, ಕಿಟಕಿ ತೆರೆದಿಟ್ಟು ತೋರಿಸಲಿ. ಕೊನೆಯ ಬೆಂಚಿನವರು ಅಕ್ಷರ ಓದಿ ಹೇಳಲಿ.

ಮುಂದಿನ ಮಾರ್ಚ್‌ಗೆ ನಾನು ಇಲ್ಲಿಂದ ಹೋಗುವವಳು. ನನ್ನ ನಂತರ ಆ ಬೆಂಚಿನಲ್ಲಿ ಕೂಡುವ ತಂಗಿಗೆ ಹೃದಯದ ಕವಾಟ ಕಾಣಲಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ