ಮ್ಯಾನ್‌ಹೋಲ್‌ಗೂ ಬೇಕು ಒಂದು ಮೂಗು

2025ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಕಿಟಗಾವ, ರಾಬ್ಸನ್ ಮತ್ತು ಯಾಘಿ ಅವರಿಗೆ ಸಂದದ್ದು ರಂಧ್ರಗಳಿಗಾಗಿ ಎಂದರೆ ತಪ್ಪಾಗಲಾರದು. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದ ಇಂಥ ಕೆಲವು ಚೌಕಟ್ಟುಗಳ ಒಂದೇ ಗ್ರಾಂ ಪುಡಿಗೆ ಕೆಲವು ಸಾವಿರ ಚದರ ಮೀಟರ್ ಒಳಮೈ ಇರುತ್ತದೆ. ಅನಿಲ ಸಂವೇದಕ ಬಯಸುವುದೂ ಇದನ್ನೇ. ಮೈ ಹೆಚ್ಚಿದಷ್ಟೂ ಅಂಟಿಕೊಳ್ಳುವ ಅಣುಗಳು ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸತುವಿನ ಆಕ್ಸೈಡನ್ನು ನ್ಯಾನೊ ಗಾತ್ರದ ಜೇನುಗೂಡಿನಂತೆ ರೂಪಿಸಿ ಕಾರ್ಬನ್ ಮೊನಾಕ್ಸೈಡನ್ನು ಗುರುತಿಸಿ ತೋರಿಸಿದ್ದಾರೆ.

ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಮ್ಯಾನ್‌ಹೋಲ್. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹತ್ತು ಲಕ್ಷದಲ್ಲಿ ನೂರು ಭಾಗದ ಆಸುಪಾಸಿಗೆ ಏರಿತೆಂದರೆ ಮೂಗೇ ಮರಗಟ್ಟುತ್ತದೆ. ವಾಸನೆ ಅಡಗಿತೆಂದು ನಂಬಿದ ಕಾರ್ಮಿಕ ಇನ್ನೂ ಕೆಳಗಿಳಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಎಷ್ಟೋ ಸಲ ಹೆಣವಾಗಿಯೇ ಮೇಲೆ ಬರುತ್ತಾನೆ.

ಅಪಾಯಕಾರಿಯಾಗಿ ಒಳಚರಂಡಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2023ರಲ್ಲಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಕೈಯಲ್ಲಿ ಹಿಡಿಯುವ ಅನಿಲ ಮಾಪಕಗಳು ಬಂದು ದಶಕಗಳೇ ಕಳೆದಿವೆ. ಆದ್ದರಿಂದ ನ್ಯಾನೊ ರಂಧ್ರಗಳ ಸಂವೇದಕ ಬರಲಿ, ಆಮೇಲೆ ನೋಡೋಣ ಎನ್ನುವ ಅಧಿಕಾರಿಯ ಮಾತನ್ನು ನಾನು ಒಪ್ಪಲಾರೆ. ಅದರ ದಾರಿಯೂ ಸಲೀಸಲ್ಲ. ಚರಂಡಿಯ ತೇವದಲ್ಲಿ ನೀರಾವಿಯೇ ಆ ರಂಧ್ರಗಳನ್ನು ಆಕ್ರಮಿಸಬಹುದು.

ಆದರೂ ಅಗ್ಗದ, ಪುಟ್ಟ ಸಂವೇದಕವೊಂದು ಪ್ರತಿ ಮುಚ್ಚಳದಡಿ ಕೂರುವಂತಾದರೆ ಲಾಭವುಂಟು. ಶರತ್ತು ಒಂದೇ: ಅದು ‘ಅನಿಲವಿಲ್ಲ, ಇಳಿ’ ಎನ್ನುವ ಪರವಾನಗಿ ಆಗಕೂಡದು. ಯಂತ್ರವನ್ನು ಯಾವಾಗ ಕಳಿಸಬೇಕೆಂದು ಅದು ಹೇಳಲಿ, ಮನುಷ್ಯನನ್ನಲ್ಲ.